ಗೋಡೆಯ ಚಾರ್ಟಿನಿಂದ ಮಕ್ಕಳ ಕೈಗೆ: ಒಂದರಿಂದ ಐದನೇ ತರಗತಿಗೆ ಕಲಿಕಾ ಸಾಮಗ್ರಿ

ತರಗತಿಗೆ ಸಾಮಗ್ರಿ ಮಾಡಲು ಕೂತಾಗ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದು ಒಂದೇ ಹೊತ್ತಿಗೆ ಎಷ್ಟು ಮಕ್ಕಳ ಕೈಗೆ ಸಿಗುತ್ತದೆ? ಥರ್ಮಾಕೋಲ್ ಮೇಲೆ ಬಣ್ಣದ ಕಾಗದ ಅಂಟಿಸಿದ ಮಾದರಿ ಮೇಳದಲ್ಲಿ ಬಹುಮಾನ ತರಬಹುದು. ಮೂವತ್ತು ಮಕ್ಕಳಿರುವ ತರಗತಿಯಲ್ಲಿ ಅದನ್ನು ಮುಟ್ಟುವವರು ಒಬ್ಬಿಬ್ಬರು, ಉಳಿದವರು ನೋಡುತ್ತ ಕೂರುತ್ತಾರೆ. ಕೆಳಗೆ ಹೇಳಿರುವ ಸಾಮಗ್ರಿಗಳು ಇಬ್ಬರಿಗೊಂದು ಇಲ್ಲವೇ ಐವರಿಗೊಂದು ಎಂಬ ಲೆಕ್ಕದಲ್ಲಿವೆ. ಬೇಕಾಗುವ ವಸ್ತುಗಳೆಲ್ಲ ಧಾರವಾಡ, ಗದಗ, ಹಾವೇರಿ ಕಡೆಯ ಊರುಗಳಲ್ಲಿ ಪುಕ್ಕಟೆಯಾಗಿಯೋ ಸ್ವಲ್ಪ ಖರ್ಚಿನಲ್ಲೋ ಸಿಗುತ್ತವೆ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಎಣಿಸಲು ಬೀಜ ತನ್ನಿ ಎಂದು ಮಕ್ಕಳಿಗೆ ಹೇಳಿ ಬಿಟ್ಟರೆ ಹಿತ್ತಲಲ್ಲಿ ಕಂಡದ್ದನ್ನೆಲ್ಲ ತರುತ್ತಾರೆ. ಔಡಲ ಬೀಜ, ಗುಲಗಂಜಿ, ಮದ್ದುಗುಣಿಕೆ ಬೀಜ ಮೂರೂ ವಿಷ. ಗುಲಗಂಜಿ ನೋಡಲು ಚೆಂದವಿರುವುದರಿಂದ ಅದೇ ಮೊದಲು ಬರುತ್ತದೆ. ಏನು ತರಬೇಕೆಂದು ಹೆಸರಿಟ್ಟು ಹೇಳಿ, ತಂದದ್ದನ್ನು ನೀವೇ ಆರಿಸಿ. ಒಂದನೇ ತರಗತಿಗೆ ಕಡಲೆ, ಬಟಾಣಿಯೂ ಬೇಡ. ಮೂಗಿಗೆ, ಕಿವಿಗೆ ಸೇರಿಸಿಕೊಂಡರೆ ಒಳಗಿನ ತೇವಕ್ಕೆ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತವೆ. ಆ ವಯಸ್ಸಿಗೆ ಬಾಟಲಿ ಮುಚ್ಚಳಗಳೇ ಸರಿ.

ಕಡ್ಡಿ ಮತ್ತು ಕಟ್ಟು

ಬಿಡಿ ಮತ್ತು ಹತ್ತರ ಸ್ಥಾನ ಗಟ್ಟಿಯಾಗದ ಮಗುವಿಗೆ ಮುಂದಿನ ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲವೂ ಬರೀ ಬಾಯಿಪಾಠ. ಅದಕ್ಕೇ ಉಳಿದ ಸಾಮಗ್ರಿಗಿಂತ ಇದಕ್ಕೆ ಹೆಚ್ಚು ಹೊತ್ತು ಕೊಡಬೇಕು.

ಇಬ್ಬರು ಮಕ್ಕಳಿಗೆ 110 ಕಡ್ಡಿ ಬೇಕು. 99ರವರೆಗಿನ ಸಂಖ್ಯೆಗೆ ಒಂಬತ್ತು ಕಟ್ಟು, ಅಂದರೆ 90. ಬಿಡಿಗೆ ಒಂಬತ್ತು ಸಾಕಾದರೂ ಸ್ವಲ್ಪ ಹೆಚ್ಚಾಗಿಯೇ ಇರಲಿ ಎಂದು ಇನ್ನೂ 20. ಮೂವತ್ತು ಮಕ್ಕಳೆಂದರೆ 15 ಜೋಡಿ, ಒಟ್ಟು 1,650 ಕಡ್ಡಿ. ತೆಂಗಿನ ಗರಿಯ ಕಸಬರಿಗೆ ಬಿಚ್ಚಿ, ಪ್ರತಿ ಕಡ್ಡಿಯ ದಪ್ಪ ಕಡೆಯಿಂದ 12 ಸೆಂ.ಮೀ. ಉದ್ದದ ನಾಲ್ಕು ತುಂಡು ಕತ್ತರಿಸಿ. ತುದಿಯ ಸಪೂರ ಭಾಗ ಬಿಟ್ಟುಬಿಡಿ, ಅದು ಮುರಿಯುತ್ತದೆ. ಈ ಲೆಕ್ಕಕ್ಕೆ ಸುಮಾರು 415 ಕಡ್ಡಿ ಸಾಕು. 12 ಸೆಂ.ಮೀ.ಗಿಂತ ಗಿಡ್ಡವಾದರೆ ಪುಟ್ಟ ಬೆರಳಿಗೆ ಕಟ್ಟಲು ಸಿಗುವುದಿಲ್ಲ, ಉದ್ದವಾದರೆ ಪಕ್ಕದವರ ಕಣ್ಣಿಗೆ ತಾಗುವ ಭಯ. ಕತ್ತರಿಸಿದ ತುದಿಗಳನ್ನು ಹಿಡಿಹಿಡಿಯಾಗಿ ಸ್ಯಾಂಡ್ ಪೇಪರ್ ಮೇಲೆ ತಿಕ್ಕಿ. ಜೋಳದ ದಂಟು ಹೊಲದಲ್ಲಿ ಬೇಕಾದಷ್ಟು ಸಿಗುತ್ತದೆ ನಿಜ, ಆದರೆ ಅದರ ಸಿಪ್ಪೆಯ ಅಂಚು ಬೆರಳು ಕೊಯ್ಯುತ್ತದೆ, ಹುಳವೂ ಬೀಳುತ್ತದೆ.

ಕಟ್ಟಲು ಅಂಗಡಿಯ ಹಳದಿ ರಬ್ಬರ್ ಬ್ಯಾಂಡ್ ತಂದರೆ ನಮ್ಮ ಬೇಸಿಗೆಗೆ ಅದು ಕಡ್ಡಿಗೇ ಅಂಟಿಕೊಂಡು ತುಂಡಾಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಹಳೆಯ ಸೈಕಲ್ ಟ್ಯೂಬ್ ಕೇಳಿ ತಂದು ಅರ್ಧ ಸೆಂ.ಮೀ. ಅಗಲದ ಬಳೆಗಳಾಗಿ ಕತ್ತರಿಸಿಕೊಳ್ಳಿ. ಹತ್ತರ ಕಟ್ಟಿಗೆ ಎರಡು ಮೂರು ಸುತ್ತು ಹಾಕಬೇಕಾಗುತ್ತದೆ. ನೂರರ ದೊಡ್ಡ ಕಟ್ಟಿಗೂ ಅದೇ ಬಳೆ ಆಗುತ್ತದೆ.

ಕಟ್ಟುಗಳನ್ನು ನೀವು ಕಟ್ಟಿ ಕೊಡಬೇಡಿ. ಸಿದ್ಧ ಕಟ್ಟು ಕೊಟ್ಟರೆ ಮಗುವಿನ ಕಣ್ಣಿಗೆ ಅದು ಒಂದು ವಸ್ತು, ಹತ್ತು ಅನ್ನುವುದು ನೀವು ಹೇಳಿಕೊಟ್ಟ ಹೆಸರು ಮಾತ್ರ. ಮೊದಲ ವಾರ ಎಣಿಸುವುದು, ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಇಷ್ಟೇ ಇರಲಿ. “ಒಂದು ಕಟ್ಟಿನಾಗ ಎಷ್ಟದಾವು?” ಎಂದು ಕೇಳಿ ನೋಡಿ. ಬಿಚ್ಚಿ ಎಣಿಸಿ ಹೇಳುವ ಮಗುವಿಗೆ ಇನ್ನೂ ಸ್ವಲ್ಪ ದಿನ ಬೇಕು. ಬಿಚ್ಚದೆ ಹತ್ತು ಎಂದು ಹೇಳಿ, “ಮೂರು ಕಟ್ಟಿನಾಗ?” ಎಂದಾಗ ಹತ್ತು, ಇಪ್ಪತ್ತು, ಮೂವತ್ತು ಎನ್ನುವ ಮಗು ಮುಂದಿನ ಮೆಟ್ಟಿಲಿಗೆ ಸಿದ್ಧ.

ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ಮನೆ ಬರೆದು ಎಡಕ್ಕೆ ಹತ್ತು, ಬಲಕ್ಕೆ ಬಿಡಿ ಇಡಿಸಿ. ಇಲ್ಲಿ ಬಹಳ ತರಗತಿಗಳಲ್ಲಿ ಒಂದೇ ಗೊಂದಲ ಆಗುತ್ತದೆ. ಜೋಡಿಯನ್ನು ಎದುರುಬದುರು ಕೂರಿಸಿದರೆ ಒಬ್ಬರ ಎಡ ಇನ್ನೊಬ್ಬರ ಬಲ. ಆ ಕಡೆ ಕೂತ ಮಗು 35ನ್ನು 53 ಎಂದು ಬರೆದರೆ ಅದು ಕಂಡದ್ದನ್ನೇ ಬರೆದಿದೆ. ಇಬ್ಬರೂ ಒಂದೇ ಕಡೆ ಮುಖ ಮಾಡಿ ಅಕ್ಕಪಕ್ಕ ಕೂರಲಿ.

ಕಟ್ಟುವ ಅಭ್ಯಾಸಕ್ಕೆ ಹುಣಸೆ ಬೀಜದ ಆಟ ಚೆನ್ನಾಗಿ ಒದಗುತ್ತದೆ. ಎರಡನೇ ತರಗತಿಯಿಂದ ಮೇಲೆ ಈ ಬೀಜ ಧಾರಾಳವಾಗಿ ಕೊಡಬಹುದು. ನಾಲ್ಕು ಬೀಜ ತೆಗೆದುಕೊಂಡು ಒಂದೊಂದು ಮುಖವನ್ನು ಒರಟು ಕಲ್ಲಿನ ಮೇಲೆ ಬಿಳಿ ಕಾಣುವ ತನಕ ತಿಕ್ಕಿದರೆ ಚೌಕಾಬಾರದ ದಾಳ ಸಿದ್ಧ. ಬಿಳಿ ಮೇಲೆ ಬಿದ್ದಷ್ಟು ಲೆಕ್ಕ, ನಾಲ್ಕೂ ಕಪ್ಪಾದರೆ ಎಂಟು. ಬಿದ್ದಷ್ಟು ಕಡ್ಡಿ ಎತ್ತಿಕೊಳ್ಳಬೇಕು, ಹತ್ತಾದ ಕೂಡಲೇ ಕಟ್ಟಬೇಕು, ಮೊದಲು ಮೂರು ಕಟ್ಟು ಮಾಡಿದವರು ಗೆದ್ದರು. ಎರಡು ಮೂರು ದಿನ ಆಡಿಸಿ ಆಟವನ್ನು ತಿರುಗಿಸಿ. ಮೂರು ಕಟ್ಟಿನಿಂದ ಶುರು ಮಾಡಿ ಬಿದ್ದಷ್ಟು ಕಡ್ಡಿಯನ್ನು ನಡುವಿನ ರಾಶಿಗೆ ವಾಪಸ್ ಕೊಡುತ್ತ ಹೋಗಲಿ. ಮೊದಲ ಸರದಿಗೇ ಕಟ್ಟು ಬಿಚ್ಚಬೇಕಾಗುತ್ತದೆ. ಕಳೆಯುವ ಲೆಕ್ಕದಲ್ಲಿ ಹತ್ತನ್ನು ಬಿಡಿಸುವುದೆಂದರೆ ಏನೆಂದು ಯಾರೂ ವಿವರಿಸದೆ ಕೈಗೆ ಬರುತ್ತದೆ.

ಇನ್ನು 52ರಿಂದ 27 ಕಳೆಯಿರಿ ಎಂಬ ಲೆಕ್ಕ. ಕಡ್ಡಿ ಹಿಡಿಯದ ಮಗು ಸಾಮಾನ್ಯವಾಗಿ 35 ಎಂದು ಬರೆಯುತ್ತದೆ. ಎರಡರಲ್ಲಿ ಏಳು ಹೋಗದು, ಹಾಗಾಗಿ ಏಳರಲ್ಲಿ ಎರಡು ಕಳೆದು ಐದು ಅನ್ನುತ್ತದೆ. ಕಡ್ಡಿಯಲ್ಲಿ ಈ ತಪ್ಪು ಮಾಡಲು ಆಗುವುದೇ ಇಲ್ಲ, ಏಕೆಂದರೆ ಮುಂದೆ ಇರುವುದು 52 ಕಡ್ಡಿ ಮಾತ್ರ, 27 ಅದರೊಳಗಿಂದಲೇ ಹೋಗಬೇಕು. ಐದು ಕಟ್ಟು, ಎರಡು ಬಿಡಿ ಇಡಿಸಿ. ಏಳು ಬಿಡಿ ಕೊಡು ಎಂದಾಗ ಮಗು ಒಂದು ಕಟ್ಟು ಬಿಚ್ಚುತ್ತದೆ. ಈಗ ನಿಲ್ಲಿಸಿ ಕೇಳಿ: ಕಟ್ಟು ಎಷ್ಟು ಉಳಿದವು, ಬಿಡಿ ಎಷ್ಟಾದವು, ಒಟ್ಟು ಈಗಲೂ 52 ಇದೆಯೋ ಇಲ್ಲವೋ? ನಾಲ್ಕು ಕಟ್ಟು, ಹನ್ನೆರಡು ಬಿಡಿ ಎಂಬ ಉತ್ತರ ಬಂದ ಮೇಲೆಯೇ ಏಳು ಬಿಡಿ, ಎರಡು ಕಟ್ಟು ತೆಗೆಸಿ. 25 ಉಳಿಯುತ್ತದೆ. ಬಿಚ್ಚಿದ ಬಳೆಯನ್ನು ಎಡ ಮನೆಯಲ್ಲಿ ಬಿಡಬಾರದು. ಬಿಟ್ಟರೆ ಅದನ್ನೂ ಒಂದು ಕಟ್ಟೆಂದು ಎಣಿಸುವ ಮಕ್ಕಳಿದ್ದಾರೆ. ಬಳೆ ಕೈಗೆ ಹಾಕಿಕೊಳ್ಳಲಿ.

ಸರ್ಕಾರಿ ಶಾಲೆಗಳಿಗೆ ಕೊಟ್ಟ ಗಣಿತ ಕಲಿಕಾ ಆಂದೋಲನದ ಸಾಮಗ್ರಿ ಪೆಟ್ಟಿಗೆ ನಿಮ್ಮ ಶಾಲೆಯಲ್ಲಿದ್ದರೆ ಅದರ ದಶಮಾನ ಬ್ಲಾಕುಗಳನ್ನು, ಅಂದರೆ ಬಿಡಿಯ ತುಂಡು, ಹತ್ತರ ಕೋಲುಗಳನ್ನು, ಕಡ್ಡಿಯ ನಂತರ ತೆಗೆಯಿರಿ. ಹತ್ತರ ಕೋಲನ್ನು ಬಿಚ್ಚಲು ಬರುವುದಿಲ್ಲ, ಹತ್ತು ಬಿಡಿಗೆ ಬದಲಾಯಿಸಿಕೊಳ್ಳಬೇಕು. ಬಿಚ್ಚಿ ನೋಡಿದ ಮಗುವಿಗೆ ಈ ಬದಲಾವಣೆ ನ್ಯಾಯವೆನಿಸುತ್ತದೆ.

ಕಡ್ಡಿ ಯಾವಾಗ ಬಿಡಿಸಬೇಕು? ಮಗು ಕಡ್ಡಿ ಇಟ್ಟುಕೊಂಡು ಅದರತ್ತ ನೋಡದೆಯೇ ಉತ್ತರ ಹೇಳತೊಡಗಿದಾಗ. ಆಗ ಕಟ್ಟಿಗೆ ಒಂದು ಗೆರೆ, ಬಿಡಿಗೆ ಒಂದು ಚುಕ್ಕೆ ಎಂದು ಪಾಟಿಯ ಮೇಲೆ ಚಿತ್ರದಲ್ಲಿ ಮಾಡಿಸಿ. 52 ಎಂದರೆ ಐದು ಗೆರೆ, ಎರಡು ಚುಕ್ಕೆ. ಬಿಚ್ಚುವಾಗ ಒಂದು ಗೆರೆ ಹೊಡೆದುಹಾಕಿ ಹತ್ತು ಚುಕ್ಕೆ ಇಡುತ್ತದೆ. ಈ ನಡುಮೆಟ್ಟಿಲು ಬಿಟ್ಟು ನೇರ ಅಂಕಿಗೆ ಹಾರಿಸಿದರೆ ಕಡ್ಡಿಯಲ್ಲಿ ಸರಿ ಮಾಡಿದ ಮಗುವೇ ಪುಸ್ತಕದಲ್ಲಿ ಮತ್ತೆ 35 ಬರೆಯುತ್ತದೆ.

ನಾನೂರ ಏಳು ಹೇಳಿದರೆ 4007 ಎಂದು ಬರೆಯುವ ಮಕ್ಕಳಿಗೆ ಬೇರೆಯದೇ ಸಾಮಗ್ರಿ ಬೇಕು. ಅವರು ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತಿದ್ದಾರೆ: ನಾನೂರು, ಏಳು. ದಪ್ಪ ಕಾಗದದಲ್ಲಿ ಎಲ್ಲವೂ 5 ಸೆಂ.ಮೀ. ಎತ್ತರದ ಪಟ್ಟಿ ಕತ್ತರಿಸಿ. 1ರಿಂದ 9ಕ್ಕೆ 4 ಸೆಂ.ಮೀ. ಉದ್ದ, 10ರಿಂದ 90ಕ್ಕೆ 8 ಸೆಂ.ಮೀ., 100ರಿಂದ 900ಕ್ಕೆ 12 ಸೆಂ.ಮೀ. ಒಟ್ಟು 27 ಪಟ್ಟಿ. ಪ್ರತಿ ಅಂಕಿ ತನ್ನ 4 ಸೆಂ.ಮೀ. ಮನೆಯ ನಟ್ಟನಡುವೆ ಇರಲಿ. 400ರ ಮೇಲೆ 7ನ್ನು ಬಲ ಅಂಚಿಗೆ ಕೂಡಿಸಿ ಇಟ್ಟರೆ ಕೊನೆಯ ಸೊನ್ನೆ ಮುಚ್ಚಿ 407 ಕಾಣುತ್ತದೆ. ಎತ್ತಿದರೆ ಸೊನ್ನೆ ಕೆಳಗೇ ಇದೆ. ಉದ್ದದಲ್ಲಿ ಎರಡು ಮಿ.ಮೀ. ಹೆಚ್ಚುಕಡಿಮೆಯಾದರೂ ಸೊನ್ನೆಯ ಅಂಚು ಇಣುಕಿ ಗೊಂದಲ ಮಾಡುತ್ತದೆ. ಮಕ್ಕಳಿಂದ ಕತ್ತರಿಸದೆ ಇದೊಂದನ್ನು ನೀವೇ ಸ್ಕೇಲ್ ಇಟ್ಟು ಬ್ಲೇಡಿನಿಂದ ಕೊಯ್ಯಿರಿ.

ಅಕ್ಷರದ ಕಾರ್ಡು

ಕಾರ್ಡಿಗೆ ಲಗ್ನಪತ್ರಿಕೆಗಿಂತ ಒಳ್ಳೆಯ ಕಾಗದವಿಲ್ಲ. ಪ್ರತಿ ಮನೆಯಲ್ಲೂ ಹತ್ತಾರು ಬಿದ್ದಿರುತ್ತವೆ. ಗದಗ-ಬೆಟಗೇರಿಯವರಿಗೆ ಇನ್ನೊಂದು ಅನುಕೂಲವಿದೆ. ಅಲ್ಲಿ ಪ್ರಿಂಟಿಂಗ್ ಪ್ರೆಸ್ಸುಗಳು ಬಹಳ, ದಪ್ಪ ಕಾಗದದ ಕಟಿಂಗ್ ಚೂರುಗಳನ್ನು ಕೇಳಿ ತರಬಹುದು. 8 ಸೆಂ.ಮೀ. ಎತ್ತರ, 6 ಸೆಂ.ಮೀ. ಅಗಲ ಕತ್ತರಿಸಿ, ಅಕ್ಷರ 4 ಸೆಂ.ಮೀ. ಎತ್ತರಕ್ಕಿರಲಿ. ಎಲ್ಲ ಕಾರ್ಡಿನ ಬಲ ಕೆಳಮೂಲೆಯನ್ನು ಸ್ವಲ್ಪ ಓರೆಯಾಗಿ ಕತ್ತರಿಸಿಬಿಡಿ. ಕತ್ತರಿಸಿದ ಮೂಲೆ ಬಲಗೈ ಕೆಳಗಿದ್ದರೆ ಕಾರ್ಡು ನೆಟ್ಟಗಿದೆ ಎಂದು ಮಗುವಿಗೆ ತಾನೇ ಗೊತ್ತಾಗುತ್ತದೆ.

ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಈ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಆಗುತ್ತವೆ. ಗದಗ ಆಗುತ್ತದೆ, ಧಾರವಾಡದ ಹತ್ತಿರದ ಗರಗವೂ ಆಗುತ್ತದೆ. ಓದಲು ಕಲಿತ ಮೊದಲ ವಾರದಲ್ಲೇ ಬಸ್ಸಿನ ಬೋರ್ಡು ಓದಲು ಬಂದರೆ ಮಗುವಿಗೆ ಆಗುವ ಹಿಗ್ಗು ದೊಡ್ಡದು, ಅದನ್ನು ಕೈಬಿಡಬೇಡಿ. ಮುಂದಿನ ಜ, ವ, ಮ, ಬ, ನ ಸೇರಿದರೆ ಬಸವ, ನಗರ, ದನ, ಗಗನ, ಅವಸರ. ಗದಗಕ್ಕೆ ಎರಡು ಗ, ಗಗನಕ್ಕೂ ಎರಡು ಬೇಕು, ಹಾಗಾಗಿ ಪ್ರತಿ ಅಕ್ಷರ ಎರಡೆರಡು ಮಾಡಿ. ಹತ್ತು ಅಕ್ಷರಕ್ಕೆ ಇಪ್ಪತ್ತು ಕಾರ್ಡು, ಐವರ ಗುಂಪಿಗೆ ಒಂದು ಕಟ್ಟು, ಮೂವತ್ತು ಮಕ್ಕಳಿಗೆ 120. ನಲಿ-ಕಲಿಯಲ್ಲಿ ಮಕ್ಕಳು ಕೂರುವ ಗುಂಪಿಗೆ ತಟ್ಟೆ ಎನ್ನುತ್ತಾರೆ. ಶಿಕ್ಷಕರ ಸಹಾಯದ ತಟ್ಟೆಯಲ್ಲಿ ಪದ ಕಟ್ಟಿಸಿ ತೋರಿಸಿದ ಮೇಲೆ ಈ ಕಟ್ಟನ್ನು ಸಹಪಾಠಿಗಳ ಸಹಾಯದ ತಟ್ಟೆಗೆ ಬಿಡಬಹುದು. ಅಷ್ಟರಲ್ಲಿ ನಿಮ್ಮ ಕೈ ಇನ್ನೊಂದು ಗುಂಪಿಗೆ ಖಾಲಿಯಾಗುತ್ತದೆ.

ಚಿತ್ರದ ಕಾರ್ಡು ಮಾಡುವಾಗ ಹೆಚ್ಚು ಯೋಚಿಸಬೇಕು. ಸಿದ್ಧ ಚಾರ್ಟಿನಲ್ಲಿ ಮ ಅಂದರೆ ಮರದ ಚಿತ್ರ. ನಮ್ಮ ಕಡೆಯ ಮಗು ಅದನ್ನು ನೋಡಿ ಗಿಡ ಅನ್ನುತ್ತದೆ. ಹಾಗೆ ಅಂದದ್ದು ಸರಿಯೇ, ಆದರೆ ಕಾರ್ಡು ಹೇಳಿಕೊಡಬೇಕಾದ ಅಕ್ಷರ ಅಲ್ಲಿ ಸಿಗಲಿಲ್ಲ. ಮೊಟ್ಟೆ ತೋರಿಸಿದರೆ ತತ್ತಿ, ಈರುಳ್ಳಿ ತೋರಿಸಿದರೆ ಉಳ್ಳಾಗಡ್ಡಿ. ಇದಕ್ಕೆ ಪರಿಹಾರ ಸುಲಭ. ತಕ್ಕೆ ತತ್ತಿ, ಉಗೆ ಉಳ್ಳಾಗಡ್ಡಿ, ಚಕ್ಕೆ ಚಕ್ಕಡಿ, ಬಕ್ಕೆ ಬದನಿಕಾಯಿ, ಮಕ್ಕೆ ಮಳೆ. ಮಳೆ ಅನ್ನಲಿ, ಮಳಿ ಅನ್ನಲಿ, ಮೊದಲ ಅಕ್ಷರ ಒಂದೇ. ಕಾರ್ಡು ಪಕ್ಕಾ ಮಾಡುವ ಮೊದಲು ಬರೀ ಚಿತ್ರವನ್ನು ಐದು ಮಕ್ಕಳಿಗೆ ಬೇರೆ ಬೇರೆಯಾಗಿ ತೋರಿಸಿ “ಇದೇನು?” ಎಂದು ಕೇಳಿ. ಮೂವರು ಬೇರೆ ಹೆಸರು ಹೇಳಿದರೆ ಚಿತ್ರ ಬದಲಾಯಿಸಿ. ಮನೆಯಲ್ಲಿ ಲಂಬಾಣಿಯೋ ಉರ್ದುವೋ ಆಡುವ ಮಕ್ಕಳು ಇದ್ದರೆ ಆ ಐವರಲ್ಲಿ ಅವರೂ ಇರಲಿ.

ಮುಂದೆ ಬರವಣಿಗೆಯಲ್ಲಿ ಮನಿ, ಮಳಿ, ಎಲಿ, ಕುದುರಿ ಎಂದು ಬರುತ್ತದೆ. ಕೆಂಪು ಗೆರೆ ಎಳೆಯುವ ಮುನ್ನ ನೆನಪಿರಲಿ, ಮಗು ತನ್ನ ಬಾಯಲ್ಲಿ ಇರುವುದನ್ನು ಅಕ್ಷರಕ್ಕೆ ಅಕ್ಷರ ಸರಿಯಾಗಿ ಬರೆದಿದೆ. “ಮಾತಿನಾಗ” ಒಂದು ಸಾಲು, “ಪುಸ್ತಕದಾಗ” ಒಂದು ಸಾಲು ಮಾಡಿ ಮನಿ-ಮನೆ, ಎಲಿ-ಎಲೆ ಎಂದು ಜೋಡಿಸಲು ಕೊಡಿ. ಕೊನೆಯ ಇಕಾರವನ್ನು ಎಕಾರ ಮಾಡು ಎಂಬ ಸೂತ್ರ ಮಾತ್ರ ಹೇಳಬೇಡಿ. ಹೇಳಿದರೆ ಹುಲಿ ಹುಲೆಯಾಗುತ್ತದೆ, ಗಿಳಿ ಗಿಳೆಯಾಗುತ್ತದೆ. ಬದಲಾಗುವ ಹತ್ತು ಪದ, ಬದಲಾಗದ ಹುಲಿ, ಗಿಳಿ, ನರಿ, ಇಲಿಯಂಥ ಐದಾರು ಪದ ಬೆರೆಸಿ ವಿಂಗಡಿಸಲು ಕೊಟ್ಟರೆ ಕಣ್ಣಿಗೆ ಅಭ್ಯಾಸವಾಗುತ್ತದೆ.

ಕಾಗುಣಿತಕ್ಕೆ ಕಿಟಕಿ ಕತ್ತರಿಸಿ ಪಟ್ಟಿ ಜಾರಿಸುವ ಸಾಧನವನ್ನು ಬಹಳ ಜನ ಮಾಡುತ್ತಾರೆ. ಒಂದು ಕಡೆ ಕ, ಪಕ್ಕದಲ್ಲಿ ಚಿಹ್ನೆ ಸರಿಯುತ್ತ ಹೋಗುತ್ತದೆ. ಕನ್ನಡಕ್ಕೆ ಇದು ಪೂರ್ತಿ ಒಗ್ಗುವುದಿಲ್ಲ. ಕಾ, ಕಿ, ಕೆ ಬರೆಯುವಾಗ ಕದ ತಲೆಕಟ್ಟೇ ಮಾಯವಾಗಿ ಅಲ್ಲಿ ಚಿಹ್ನೆ ಬರುತ್ತದೆ, ಪಕ್ಕಕ್ಕೆ ಸೇರುವುದಿಲ್ಲ. ಕು, ಕೂಗಳಲ್ಲಿ ಸರಿ ಕಂಡರೂ ಪು, ವುಗಳಲ್ಲಿ ಕೊಂಬು ಕೂಡುವ ಜಾಗ ಬೇರೆ. ಪಟ್ಟಿಯ ಮೇಲೆ ಇಡೀ ಅಕ್ಷರವನ್ನೇ ಬರೆದು ಬದಲಾದ ಭಾಗವನ್ನು ಮಾತ್ರ ಕೆಂಪು ಸ್ಕೆಚ್ ಪೆನ್ನಿನಲ್ಲಿ ತೋರಿಸಿ.

ಒತ್ತಕ್ಷರದಲ್ಲಿ ಹೆಚ್ಚಿನವು ಮೂಲ ಅಕ್ಷರದ ತಲೆಕಟ್ಟು ತೆಗೆದ ಸಣ್ಣ ರೂಪ. ಬ್ಬ, ಳ್ಳ, ಟ್ಟ ನೋಡಿದರೆ ಮಗುವೇ ಗುರುತಿಸುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಮೂಲಕ್ಕೆ ಹೋಲುವುದಿಲ್ಲ. ದಿನನಿತ್ಯದ ಮಾತಿನಲ್ಲಿ ಹೆಚ್ಚಾಗಿ ಬರುವುದೂ ಇವೇ: ಅತ್ತೆ, ಅನ್ನ, ಅಮ್ಮ, ಬೆಲ್ಲ. ಈ ಆರಕ್ಕೆ ಪ್ರತ್ಯೇಕ ಜೋಡಿ ಕಾರ್ಡು ಮಾಡಿ, ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಒತ್ತು. ಉಳಿದವಕ್ಕೆ ಕಾರ್ಡು ಬೇಕಿಲ್ಲ.

ಓದಿನ ಅಭ್ಯಾಸಕ್ಕೆ ವಾಯವ್ಯ ಸಾರಿಗೆ ಬಸ್ಸಿನ ಬೋರ್ಡುಗಳನ್ನೇ ಮೆಟ್ಟಿಲಾಗಿ ಜೋಡಿಸಬಹುದು. ಮೊದಲು ಗದಗ, ಗರಗ. ಆಮೇಲೆ ರೋಣ, ಹಾವೇರಿ, ಧಾರವಾಡ. ಸೊನ್ನೆ ಬಂದ ಮೇಲೆ ಡಂಬಳ, ಮುಂಡರಗಿ, ನರಗುಂದ, ಕುಂದಗೋಳ. ಒತ್ತು ಶುರುವಾದಾಗ ಹುಬ್ಬಳ್ಳಿ, ಶಿರಹಟ್ಟಿ, ಅಣ್ಣಿಗೇರಿ. ಬೇರೆ ಅಕ್ಷರದ ಒತ್ತಿಗೆ ಬ್ಯಾಡಗಿ, ಗಜೇಂದ್ರಗಡ. ಎಲ್ಲಕ್ಕಿಂತ ಕೊನೆಗೆ ಲಕ್ಷ್ಮೇಶ್ವರ. ಉದ್ದನೆಯ ಪಟ್ಟಿಯಲ್ಲಿ ಬರೆದು ಬಾಗಿಲ ಮೇಲೆ ದಿನಕ್ಕೊಂದು ಬೋರ್ಡು ಸಿಕ್ಕಿಸಿ, ಒಳಗೆ ಬರುವವರು ಓದಿ ಬರಲಿ.

ನಾಲ್ಕು, ಐದಕ್ಕೆ ಇನ್ನು ಕೆಲವು

ಭಿನ್ನರಾಶಿಗೆ ರೊಟ್ಟಿಯ ಚಿತ್ರ ಅರ್ಧ, ಕಾಲು ಹೇಳುವ ತನಕ ಸಾಕು. ದುಂಡನ್ನು ಮೂರು ಸಮಪಾಲು ಮಾಡುವುದು ದೊಡ್ಡವರಿಗೂ ಕಷ್ಟ. 24 ಸೆಂ.ಮೀ. ಉದ್ದದ ಕಾಗದದ ಪಟ್ಟಿಗಳನ್ನು ಬಳಸಿ. ಅರ್ಧ 12, ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3 ಸೆಂ.ಮೀ., ಎಲ್ಲವೂ ಪೂರ್ಣ ಅಂಕಿ. ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ 1/4 ದೊಡ್ಡದು ಎನ್ನುವ ಮಗುವಿಗೆ ಎರಡು ತುಂಡುಗಳನ್ನು ಒಂದರ ಕೆಳಗೊಂದು ಇಡಿಸಿ, ನೀವು ಏನೂ ಹೇಳಬೇಕಾಗಿಲ್ಲ. ಬಾವುಟ ಬರೆಸುವಾಗಲೂ ಇದನ್ನೇ ಮುಂದುವರಿಸಬಹುದು. ರಾಷ್ಟ್ರಧ್ವಜದ ಉದ್ದ-ಎತ್ತರ 3:2ರ ಪ್ರಮಾಣದಲ್ಲಿರಬೇಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜಗಳು, ಚಿಕ್ಕದಿರಲಿ ದೊಡ್ಡದಿರಲಿ, ಎಲ್ಲವೂ ಇದೇ ಪ್ರಮಾಣದವು. ಮಕ್ಕಳಿಗೆ 18 × 12 ಸೆಂ.ಮೀ. ಕೊಡಿ, ಒಂದೊಂದು ಬಣ್ಣಕ್ಕೆ ಸರಿಯಾಗಿ 4 ಸೆಂ.ಮೀ. ಬರುತ್ತದೆ. 15 × 10 ಕೊಟ್ಟರೆ ಪ್ರಮಾಣ ಸರಿ, ಆದರೆ ಹತ್ತನ್ನು ಮೂರು ಪಾಲು ಮಾಡಲು ಹೋಗಿ ಪಟ್ಟೆಗಳು ಹೆಚ್ಚುಕಡಿಮೆಯಾಗುತ್ತವೆ. ಐದನೆಯವರು ಕೋನಮಾಪಕ ಹಿಡಿದು 15 ಡಿಗ್ರಿಗೊಂದರಂತೆ ಚಕ್ರದ 24 ಗೆರೆ ಎಳೆಯಲಿ.

ಮಕ್ಕಳ ಸಂತೆಗೆ ತಕ್ಕಡಿ ಮಾಡುವುದಾದರೆ 30 ಸೆಂ.ಮೀ.ನ ಕಟ್ಟಿಗೆಯ ಸ್ಕೇಲು ಸಾಕು. ನೇತುಹಾಕುವ ತೂತು ಸರಿಯಾಗಿ 15ರ ಗೆರೆಯಲ್ಲಿ, ಮೇಲಿನ ಅಂಚಿನ ಹತ್ತಿರ. ತಟ್ಟೆಯ ದಾರಕ್ಕೆ 1 ಮತ್ತು 29ರಲ್ಲಿ, ಕೆಳಗಿನ ಅಂಚಿನ ಹತ್ತಿರ. ಇದು ತಿರುಗುಮುರುಗಾದರೆ ತಕ್ಕಡಿ ಸಮವಾಗಿ ನಿಲ್ಲುವುದೇ ಇಲ್ಲ, ಒಂದು ಕಡೆಗೆ ಮಗುಚಿಬೀಳುತ್ತದೆ. ಕೈಯಲ್ಲೇ ಮಾಡಿದ ಬಹಳಷ್ಟು ತಕ್ಕಡಿಗಳು ಕೆಡುವುದು ಇಲ್ಲಿಯೇ. ತೂಕಕ್ಕೆ ಕಿರಾಣಿ ಅಂಗಡಿಯಲ್ಲಿ ಮರಳಿನ ಪೊಟ್ಟಣ ತೂಗಿಸಿ ತನ್ನಿ: 50 ಗ್ರಾಂ ಒಂದು, 100 ಗ್ರಾಂ ಎರಡು, 200 ಗ್ರಾಂ ಒಂದು. ಈ ನಾಲ್ಕರಲ್ಲಿ 50ರಿಂದ 450ರವರೆಗೆ ಐವತ್ತೈವತ್ತರ ಎಲ್ಲ ತೂಕವೂ ಬರುತ್ತದೆ. ಹೇಗೆಂದು ಕಂಡುಹಿಡಿಯುವುದೇ ಮಕ್ಕಳ ಕೆಲಸ.

ಜೂನ್‌ನಲ್ಲಿ ಮಳೆಮಾಪಕ ಇಡಿ. ನಡುವೆ ಏರುತಗ್ಗಿಲ್ಲದ 2 ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ಬೋರಲಾಗಿಸಿ ಆಲಿಕೆಯಂತೆ ಬಾಯಿಗೆ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಹರಳುಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ಹೊಯ್ದು ಅಲ್ಲಿಗೆ ಸೊನ್ನೆಯ ಗೆರೆ ಹಾಕಿ. ಬಿಸಿಲಿಗೆ ನೀರು ಸೊನ್ನೆಗಿಂತ ಇಳಿದಿದ್ದರೆ ಮೊದಲು ತುಂಬಿಸಿಡಬೇಕು, ಇಲ್ಲವಾದರೆ ಮರುದಿನದ ಮಳೆ ಕಡಿಮೆ ತೋರಿಸುತ್ತದೆ. ಗೋಡೆಯ ಎತ್ತರದ ಎರಡರಷ್ಟು ದೂರ ಬಯಲಲ್ಲಿ ಇಡಿ. ಹವಾಮಾನ ಇಲಾಖೆಯವರು ಅಳೆಯುವುದು ಬೆಳಿಗ್ಗೆ 8.30ಕ್ಕೆ. ಶಾಲೆ ತೆರೆದ ಕೂಡಲೇ ಅಳೆದರೂ ಸರಿ, ದಿನವೂ ಒಂದೇ ಹೊತ್ತಾಗಿರಲಿ. ನೀರು ನಿಂತ ಎತ್ತರಕ್ಕೆ ಸರಿಯಾಗಿ ಕಾಗದದ ಪಟ್ಟಿ ಕತ್ತರಿಸಿ ದಿನಾಂಕದ ಮೇಲೆ ಅಂಟಿಸುತ್ತ ಹೋದರೆ ತಿಂಗಳ ಕೊನೆಗೆ ಸ್ತಂಭಾಲೇಖ ಸಿದ್ಧವಾಗಿರುತ್ತದೆ. ಸೋಮವಾರದ ಪಟ್ಟಿಯಲ್ಲಿ ಭಾನುವಾರದ ಮಳೆಯೂ ಸೇರಿದೆ ಎಂದು ಬರೆಸಿ. ಹಾನಗಲ್ಲಿನ ಕಡೆಯ ಶಾಲೆ, ರೋಣದ ಕಡೆಯ ಶಾಲೆ ಎರಡೂ ಪಟ್ಟಿಯ ಫೋಟೋ ಹಂಚಿಕೊಂಡರೆ ಮಲೆನಾಡಿನ ಸೆರಗು, ಬಯಲುಸೀಮೆ ಎಂಬ ಪಾಠ ಮಕ್ಕಳ ಕಣ್ಣಮುಂದೆ ಇರುತ್ತದೆ.

ಎತ್ತಿಡುವುದು

ಮೈದಾ ಅಂಟಿನಿಂದ ಮಾಡಿದ್ದನ್ನು ಇಲಿ, ಜಿರಳೆ ಬಿಡುವುದಿಲ್ಲ. ತರಗತಿಯಲ್ಲಿ ತಲೆಯ ಮೇಲೆ ಹಗ್ಗ ಕಟ್ಟಿದ ಚಪ್ಪರಕ್ಕೆ ತೂಗುಹಾಕುವ ಚಿತ್ರಗಳಿಗೆ ಮೈದಾ ಸಾಕು, ವರ್ಷಗಟ್ಟಲೆ ಬಾಳಬೇಕಾದ ಕಾರ್ಡಿಗೆ ಫೆವಿಕಾಲ್ ಬಳಸಿ. ಸ್ಕೆಚ್ ಪೆನ್ನಿನ ಬಣ್ಣ ಮಳೆಗಾಲದ ತೇವಕ್ಕೆ ಹರಡುತ್ತದೆ, ಅಕ್ಷರದ ಮೇಲೆ ಅಗಲದ ಪಾರದರ್ಶಕ ಟೇಪ್ ಎಳೆಯಿರಿ. ಹುಣಸೆ ಬೀಜವನ್ನು ಎರಡು ದಿನ ಬಿಸಿಲಿಗೆ ಒಣಗಿಸಿ ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಒಣ ಬೇವಿನ ಎಲೆಯ ಜೊತೆ ಇಡಿ.

ಪ್ರತಿ ಜೋಡಿಯ ಕಡ್ಡಿಗೆ ಒಂದು ಬಟ್ಟೆಚೀಲ, ಚೀಲದ ಮೇಲೆ ನಂಬರು, ಒಳಗೆ 110 ಎಂದು ಬರೆದ ಚೀಟಿ. ಗುಂಪಿನ ಕಾರ್ಡುಗಳ ಹಿಂದೆ ಗುಂಪಿಗೊಂದು ಬಣ್ಣದ ಚುಕ್ಕೆ ಇಡಿ, ಕೆಳಗೆ ಬಿದ್ದದ್ದು ಯಾವ ಕಟ್ಟಿನದೆಂದು ತಕ್ಷಣ ತಿಳಿಯುತ್ತದೆ. ಪಾಠದ ಕೊನೆಯ ಐದು ನಿಮಿಷ ಎಣಿಸಿ ತುಂಬಿಸಲು ಮೀಸಲಿರಲಿ. ಹತ್ತುಹತ್ತಾಗಿ ಕಟ್ಟಿ ಎಣಿಸುವ ಜೋಡಿ ಬೇಗ ಮುಗಿಸುತ್ತದೆ, ಒಂದೊಂದಾಗಿ ಎಣಿಸುವ ಜೋಡಿ ಇನ್ನೂ ಎಣಿಸುತ್ತಿರುತ್ತದೆ. ಮರುದಿನ ಯಾರ ಪಕ್ಕ ಕೂರಬೇಕೆಂದು ನಿಮಗೆ ಅಲ್ಲೇ ಗೊತ್ತಾಗುತ್ತದೆ.